ವಿದೇಶದಲ್ಲೊಂದು ಮನೆ: ದುಬೈ, ಥಾಯ್ಲೆಂಡ್, ಮಲೇಷ್ಯಾ, ಗ್ರೀಸ್‌ಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ?

ರಜೆಯಲ್ಲಿ ಹೋಗಿ ಉಳಿಯಲು ಒಂದು ಮನೆ, ಉಳಿದ ತಿಂಗಳುಗಳಲ್ಲಿ ಅದರಿಂದ ಬಾಡಿಗೆ, ನಿವೃತ್ತಿಯಾದ ಮೇಲೆ ಅಲ್ಲೇ ನೆಲೆ. ಈ ಮೂರೂ ಒಂದೇ ಮನೆಯಿಂದ ಸಿಗುತ್ತದೆ ಎಂಬ ನಂಬಿಕೆಯಲ್ಲಿ ವಿದೇಶಕ್ಕೆ ಹಣ ಕಳುಹಿಸಲು ಬಂದ ಅನೇಕ ದಂಪತಿಗಳನ್ನು, ಬೆಂಗಳೂರಿನ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ, ನಾನು ಮೇಜಿನ ಈ ಬದಿಯಿಂದ ನೋಡಿದ್ದೇನೆ. ಚದರ ಅಡಿಯ ದರ ಅವರ ಬಾಯಲ್ಲೇ ಇರುತ್ತಿತ್ತು, ತಿಂಗಳ ಬಾಡಿಗೆ ಎಷ್ಟು ಬಂದೀತು ಎಂಬ ಲೆಕ್ಕವೂ ಇರುತ್ತಿತ್ತು. ಆ ದೇಶ ತಮ್ಮನ್ನು ಎಷ್ಟು ಕಾಲ ಇರಗೊಡುತ್ತದೆ, ಯಾವ ಷರತ್ತಿನ ಮೇಲೆ ಇರಗೊಡುತ್ತದೆ ಎಂಬ ಪ್ರಶ್ನೆ ಮಾತ್ರ ಕೊನೆಗೆ ಬರುತ್ತಿತ್ತು. ಕೆಲವರ ವಿಷಯದಲ್ಲಿ ಹಣ ಹೋದ ಮೇಲೆ ಬಂದದ್ದೂ ಉಂಟು. ಆ ಪ್ರಶ್ನೆಯನ್ನು ಮೊದಲು ಕೇಳಿದರೆ ದೇಶಗಳ ಹೋಲಿಕೆಯೇ ಬೇರೆ ರೂಪ ತಾಳುತ್ತದೆ ಎಂಬುದು ನನ್ನ ಅನುಭವ.

ನಮ್ಮಲ್ಲಿ ಜಯನಗರದಲ್ಲೋ ಕುವೆಂಪುನಗರದಲ್ಲೋ ಮನೆ ಕೊಂಡವರಿಗೆ ಅದನ್ನು ಬಾಡಿಗೆಗೆ ಕೊಡಲು, ಅದರಲ್ಲಿ ಸಾಯುವ ತನಕ ವಾಸಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಒಡೆತನ, ಬಾಡಿಗೆ, ವಾಸ ಇವು ಮೂರು ಬೇರೆ ಬೇರೆ ಹಕ್ಕುಗಳು ಎಂಬುದು ನಮ್ಮ ಮನಸ್ಸಿಗೆ ಹೊಳೆಯುವುದೇ ಇಲ್ಲ. ಪರದೇಶದಲ್ಲಿ ಒಡೆತನವನ್ನು ನೋಂದಣಿ ಕಚೇರಿ, ಬಾಡಿಗೆಯನ್ನು ಪ್ರವಾಸೋದ್ಯಮ ಇಲಾಖೆ ಅಥವಾ ಕಟ್ಟಡದ ಸಂಘ, ವಾಸವನ್ನು ವಲಸೆ ಇಲಾಖೆ ನಿರ್ಧರಿಸುತ್ತವೆ. ಒಂದು ಇಲಾಖೆ ಕೊಟ್ಟದ್ದನ್ನು ಇನ್ನೊಂದು ಒಪ್ಪಲೇಬೇಕೆಂಬ ನಿಯಮವಿಲ್ಲ.

ಹೋಲಿಕೆಗೆ ಮುನ್ನ ಭಾರತದ ಕಡೆಯ ನಿಯಮಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಯಾವ ದೇಶವನ್ನು ಆರಿಸಿದರೂ ಇವು ಬದಲಾಗುವುದಿಲ್ಲ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ, ಅಂದರೆ ಎಲ್‌ಆರ್‌ಎಸ್‌ನಡಿ, ಒಂದು ಹಣಕಾಸು ವರ್ಷದಲ್ಲಿ ಒಟ್ಟು 2,50,000 ಅಮೆರಿಕನ್ ಡಾಲರ್‌ಗಳನ್ನು ಹೊರಗೆ ಕಳುಹಿಸಬಹುದು. ಪ್ರವಾಸ, ಮಕ್ಕಳ ಓದು, ಉಡುಗೊರೆ, ಷೇರು, ಮನೆ ಎಲ್ಲವೂ ಈ ಮಿತಿಯೊಳಗೇ ಬರುತ್ತವೆ. ಮಗಳ ಓದಿಗೆ ಅದೇ ವರ್ಷ 60,000 ಡಾಲರ್ ಕಳುಹಿಸಿದವರಿಗೆ ಮನೆಗೆ ಉಳಿಯುವುದು 1,90,000 ಮಾತ್ರ. ಮನೆ ಕೊಳ್ಳಲು ಕುಟುಂಬದ ಸದಸ್ಯರು ತಮ್ಮ ತಮ್ಮ ಮಿತಿಗಳನ್ನು ಒಟ್ಟುಗೂಡಿಸಿಕೊಳ್ಳಬಹುದು. ಬ್ಯಾಂಕಿನಲ್ಲಿ ತುಂಬುವ ಎ-2 ನಮೂನೆಯಲ್ಲಿ ಉದ್ದೇಶದ ಸಂಕೇತವಾಗಿ ಎಸ್ 0005 ಎಂದು, ಅಂದರೆ ವಿದೇಶದ ಸ್ಥಿರಾಸ್ತಿಯಲ್ಲಿ ಹೂಡಿಕೆ ಎಂದು, ನಮೂದಿಸಬೇಕು. ಬೇರೆ ಸಂಕೇತ ಹಾಕಿ ಹಣ ಕಳುಹಿಸಿ ಅದರಲ್ಲಿ ಮನೆ ಕೊಂಡರೆ, ಮುಂದೆ ಮಾರಿದ ಹಣವನ್ನು ತರುವಾಗ ಉತ್ತರ ಹೇಳುವುದು ಕಷ್ಟವಾಗುತ್ತದೆ. ಇದಕ್ಕೆಂದು ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಹಣ ನಿಮ್ಮ ಸ್ವಂತದ್ದೇ ಆಗಿರಬೇಕು.

ಇದರ ಮೇಲೆ ಟಿಸಿಎಸ್, ಅಂದರೆ ಹಣ ಕಳುಹಿಸುವಾಗಲೇ ಸಂಗ್ರಹಿಸುವ ತೆರಿಗೆ, ಇದೆ. ವರ್ಷಕ್ಕೆ 10 ಲಕ್ಷ ರೂಪಾಯಿಯ ಮೇಲಿನ ಮೊತ್ತಕ್ಕೆ ಬ್ಯಾಂಕು ಶೇಕಡಾ 20ರಷ್ಟನ್ನು ನಿಮ್ಮಿಂದ ಹೆಚ್ಚುವರಿಯಾಗಿ ಪಡೆದು ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತದೆ. ಗಂಡ ಹೆಂಡತಿ ಇಬ್ಬರೂ ಸೇರಿ ಎರಡೂವರೆ ಕೋಟಿ ರೂಪಾಯಿ ಕಳುಹಿಸಿದರೆ, ಇಬ್ಬರ ವಿನಾಯಿತಿ 20 ಲಕ್ಷ ಕಳೆದು ಉಳಿದ 2 ಕೋಟಿ 30 ಲಕ್ಷಕ್ಕೆ 46 ಲಕ್ಷ ರೂಪಾಯಿ ಆಗುತ್ತದೆ. ಈ ಹಣ ಕಳೆದುಹೋಗುವುದಿಲ್ಲ, ನಿಮ್ಮ ಆ ವರ್ಷದ ತೆರಿಗೆಗೆ ಜಮೆಯಾಗುತ್ತದೆ ಅಥವಾ ಮರುಪಾವತಿಯಾಗುತ್ತದೆ. ಆದರೂ ರಿಟರ್ನ್ಸ್ ಸಲ್ಲಿಸಿ ಅದು ಕೈಗೆ ಬರುವ ತನಕ 46 ಲಕ್ಷ ಇಲ್ಲದೆ ನಡೆಯಬೇಕು. ನಿವೃತ್ತಿಯ ಹಣ ಹಾಕುತ್ತಿರುವವರು ಈ ಅಂಕಿಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮನೆ ನಿಮ್ಮ ಹೆಸರಿಗೆ ಆದ ವರ್ಷದಿಂದ ಆದಾಯ ತೆರಿಗೆ ರಿಟರ್ನ್ಸ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಬೇಕು, ಬಾಡಿಗೆ ಬರದಿದ್ದರೂ ತೋರಿಸಬೇಕು. ಬಿಟ್ಟರೆ 2015ರ ಕಪ್ಪು ಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಬಂದ ಬಾಡಿಗೆಗೆ ಇಲ್ಲಿಯೂ ತೆರಿಗೆ ಇದೆ. ಅಲ್ಲಿ ತೆರಿಗೆ ಕಟ್ಟಿದ್ದರೆ ಎರಡು ದೇಶಗಳ ನಡುವಿನ ಒಪ್ಪಂದದ ಪ್ರಕಾರ ಜಮೆ ಸಿಗುತ್ತದೆ. ಇವೆಲ್ಲ ಭಾರತದ ನಿವಾಸಿಗಳಿಗೆ ಮಾತ್ರ. ಗಲ್ಫ್‌ನಲ್ಲೋ ಸಿಂಗಪುರದಲ್ಲೋ ದುಡಿಯುತ್ತಿರುವ ಕನ್ನಡಿಗರು ಅಲ್ಲಿನ ಸಂಪಾದನೆಯಲ್ಲೇ ಮನೆ ಕೊಂಡರೆ ಎಲ್‌ಆರ್‌ಎಸ್ ಮಿತಿ ಅನ್ವಯಿಸುವುದಿಲ್ಲ, ಊರಿಗೆ ಮರಳಿದ ಮೇಲೂ ಆ ಮನೆಯನ್ನು ಇಟ್ಟುಕೊಳ್ಳಲು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅವಕಾಶ ಕೊಡುತ್ತದೆ. ಕೊಳ್ಳುವ ಮನಸ್ಸಿದ್ದರೆ ಅವರು ಹಿಂತಿರುಗುವ ಮೊದಲೇ ಕೊಳ್ಳುವುದು ಸುಲಭ.

ಈಗ ದುಬೈ. ನಮ್ಮವರು ಹೆಚ್ಚು ವಿಚಾರಿಸುವ ಊರು ಇದೇ, ಅದಕ್ಕೆ ಕಾರಣಗಳೂ ಗಟ್ಟಿಯಾಗಿವೆ. ನಿಗದಿತ ಬಡಾವಣೆಗಳಲ್ಲಿ ವಿದೇಶಿಯರು ಪೂರ್ಣ ಒಡೆತನದಲ್ಲಿ ಮನೆ ಕೊಳ್ಳಲು 2006ರ ಕಾನೂನು ಅವಕಾಶ ಕೊಟ್ಟಿದೆ. ಕಟ್ಟುತ್ತಿರುವ ಕಟ್ಟಡಗಳ ಖರೀದಿದಾರರ ಹಣ ಎಸ್ಕ್ರೋ ಖಾತೆಯಲ್ಲೇ, ಅಂದರೆ ಆ ಕಟ್ಟಡಕ್ಕೆಂದೇ ಮೀಸಲಾದ ಖಾತೆಯಲ್ಲೇ, ಇರಬೇಕೆಂಬ ಕಾನೂನು 2007ರಲ್ಲಿ ಬಂತು. ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನ. ದಿರ್ಹಮ್ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ವ್ಯಕ್ತಿಗಳ ಬಾಡಿಗೆ ಆದಾಯಕ್ಕೆ ಅಲ್ಲಿ ತೆರಿಗೆ ಇಲ್ಲ. ಈ ಕೊನೆಯ ಮಾತನ್ನೇ ದಲ್ಲಾಳಿಗಳು ಎತ್ತಿ ಹೇಳುತ್ತಾರೆ, ಆದರೆ ಬೆಂಗಳೂರಿನಲ್ಲಿ ಕುಳಿತ ಮಾಲೀಕರಿಗೆ ಅದರಿಂದ ಆಗುವ ಲಾಭ ಕಡಿಮೆ. ಅಲ್ಲಿ ಕಟ್ಟದ ತೆರಿಗೆಗೆ ಜಮೆ ಎಂಬುದಿಲ್ಲ, ಇಲ್ಲಿ ಪೂರ್ತಿ ಕಟ್ಟಬೇಕು.

ಒಂದು ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ನೋಡೋಣ. 10 ಲಕ್ಷ ದಿರ್ಹಮ್ ಬೆಲೆಯ, 800 ಚದರ ಅಡಿಯ ಒಂದು ಮಲಗುವ ಕೋಣೆಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಭೂ ಇಲಾಖೆಗೆ ಶೇಕಡಾ 4, ಅಂದರೆ 40,000. ಏಜೆಂಟರಿಗೆ ಶೇಕಡಾ 2 ಮತ್ತು ಅದರ ಮೇಲೆ ವ್ಯಾಟ್ ಸೇರಿ 21,000. ನೋಂದಣಿಯ ಇತರ ಖರ್ಚು ಸುಮಾರು 4,200. ಒಟ್ಟು 10,65,200 ದಿರ್ಹಮ್, ಅಂದರೆ ಸುಮಾರು 2,90,000 ಡಾಲರ್. ಒಬ್ಬರ ಎಲ್‌ಆರ್‌ಎಸ್ ಮಿತಿ ಇಲ್ಲೇ ಮುಗಿಯಿತು. ಇಬ್ಬರು ಬೇಕು ಅಥವಾ ಮಾರ್ಚ್ ಮತ್ತು ಏಪ್ರಿಲ್‌ಗಳ ನಡುವೆ ಎರಡು ಕಂತು ಬೇಕು. ವರ್ಷದ ಬಾಡಿಗೆ 70,000 ದಿರ್ಹಮ್ ಎಂದು ಹಿಡಿಯೋಣ. ಶೇಕಡಾ 7 ಎಂದು ಜಾಹೀರಾತಿನಲ್ಲಿ ಬರೆಯುವುದು ಇದನ್ನೇ. ಚದರ ಅಡಿಗೆ 15 ದಿರ್ಹಮ್‌ನಂತೆ ಮೇಂಟೆನೆನ್ಸ್ 12,000, ನೋಡಿಕೊಳ್ಳುವ ಕಂಪನಿಗೆ 3,500, ಒಂದು ತಿಂಗಳು ಮನೆ ಖಾಲಿ ಇದ್ದರೆ 5,800, ಎಸಿ ಮತ್ತು ಬಣ್ಣಕ್ಕೆ 2,000 ಕಳೆದರೆ ಉಳಿಯುವುದು 46,700. ಇನ್ನು ಭಾರತದ ತೆರಿಗೆ: ಖಾಲಿ ತಿಂಗಳು ಬಿಟ್ಟು ಕೈಗೆ ಬಂದ ಬಾಡಿಗೆ 64,200ರಲ್ಲಿ ಶೇಕಡಾ 30 ವಿನಾಯಿತಿ ಹೋಗಿ 44,940ಕ್ಕೆ, ತೆರಿಗೆಯ ಮೇಲಿನ ಹಂತದವರಾದರೆ ಸೆಸ್ ಸೇರಿ ಶೇಕಡಾ 31.2ರಂತೆ, ಸುಮಾರು 14,000. ಕೊನೆಗೆ ಕೈಯಲ್ಲಿ ಉಳಿಯುವುದು 32,700 ದಿರ್ಹಮ್, ಹಾಕಿದ ಹಣಕ್ಕೆ ಸುಮಾರು ಶೇಕಡಾ 3. ಅಂಕಿಗಳು ಮನೆಯಿಂದ ಮನೆಗೆ ಬದಲಾಗುತ್ತವೆ, ಆದರೆ ಏಳು ಮೂರಾಗುವ ದಾರಿ ಬದಲಾಗುವುದಿಲ್ಲ.

ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟರೆ ಹೆಚ್ಚು ಬರುವುದಿಲ್ಲವೇ ಎಂದು ಕೇಳಬಹುದು. ದುಬೈನಲ್ಲಿ ಅದು ಕಾನೂನುಬದ್ಧ; ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯಿಂದ ಹಾಲಿಡೇ ಹೋಮ್ ಪರವಾನಗಿ ಪಡೆಯಬೇಕು, ಅಷ್ಟೆ. ಹೋಲಿಸುತ್ತಿರುವ ನಾಲ್ಕು ದೇಶಗಳಲ್ಲಿ ರಜೆಯ ಬಳಕೆ ಮತ್ತು ಬಾಡಿಗೆ ಎರಡನ್ನೂ ನೆಮ್ಮದಿಯಿಂದ ಒಟ್ಟಿಗೆ ಮಾಡಬಹುದಾದದ್ದು ಇದೊಂದೇ ಊರಿನಲ್ಲಿ ಎಂದು ನನಗನ್ನಿಸುತ್ತದೆ. ವರ್ಷದ ಬಾಡಿಗೆಗೆ ಕೊಟ್ಟವರು ಮಾತ್ರ ಒಂದು ವಿಷಯ ತಿಳಿದಿರಬೇಕು. ನೀವೇ ಬಂದು ವಾಸಿಸಬೇಕೆಂದರೂ ಬಾಡಿಗೆದಾರರಿಗೆ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು, ಹಾಗೆ ಬಿಡಿಸಿಕೊಂಡ ಮನೆಯನ್ನು ಎರಡು ವರ್ಷ ಮತ್ತೆ ಬಾಡಿಗೆಗೆ ಕೊಡುವಂತಿಲ್ಲ. ನಿವೃತ್ತಿಯ ತಾರೀಖು ಗೊತ್ತಿರುವವರು ಅದಕ್ಕೂ ಒಂದು ವರ್ಷ ಮೊದಲೇ ಈ ಕೆಲಸ ಆರಂಭಿಸಬೇಕಾಗುತ್ತದೆ.

ನೆಲೆಸುವ ವಿಷಯಕ್ಕೆ ಬಂದರೆ, 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಸಿಗುತ್ತದೆ. ಆ ಮೊತ್ತ 5,44,000 ಡಾಲರ್‌ಗಿಂತ ಹೆಚ್ಚಾದ್ದರಿಂದ, ದಂಪತಿಗಳಿಬ್ಬರ ಮಿತಿಯನ್ನು ಕೂಡಿಸಿದರೂ ಒಂದೇ ಹಣಕಾಸು ವರ್ಷದಲ್ಲಿ ಕಳುಹಿಸಲಾಗದು. 55 ದಾಟಿದವರಿಗೆ 10 ಲಕ್ಷ ದಿರ್ಹಮ್ ಆಸ್ತಿಯ ಆಧಾರದ ಮೇಲೆ ಐದು ವರ್ಷದ ನಿವೃತ್ತಿ ವೀಸಾದ ದಾರಿಯೂ ಇದೆ. ಇವೆರಡೂ ಮನೆ ಇರುವ ತನಕ ಮಾತ್ರ. ಮಾರಿದ ದಿನ ವೀಸಾದ ಬುಡವೂ ಹೋಗುತ್ತದೆ. ಹವಾಮಾನವನ್ನು ನೋಡದೆ ನಿರ್ಧರಿಸುವುದಂತೂ ಬೇಡ. ನಾನು ಒಮ್ಮೆ ಆಗಸ್ಟ್‌ನಲ್ಲಿ ಬಂಧುಗಳ ಮನೆಯಲ್ಲಿ ಎರಡು ವಾರ ಇದ್ದೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದರೆ ಕನ್ನಡಕ ಮಂಜುಗಟ್ಟುತ್ತಿತ್ತು. ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದ ಅವರ ತಂದೆ ಅಲ್ಲಿ ಮಾಲ್‌ನೊಳಗೆ, ಅಂಗಡಿಗಳ ಷಟರ್ ಏಳುವ ಮೊದಲು, ನಾಲ್ಕು ಸುತ್ತು ಹಾಕಿ ಬರುತ್ತಿದ್ದರು.

ಥಾಯ್ಲೆಂಡಿನ ಕಥೆ ಬಹುಪಾಲು ಇದಕ್ಕೆ ತದ್ವಿರುದ್ಧ. ಬದುಕಲು ಹಿತ, ಹಸಿರು, ಖರ್ಚು ಹಗುರ. ಒಡೆತನ ಮತ್ತು ಬಾಡಿಗೆ ಎರಡೂ ಇಕ್ಕಟ್ಟು. ವಿದೇಶಿಯರು ಅಲ್ಲಿ ನೆಲ ಕೊಳ್ಳುವಂತಿಲ್ಲ. ಕಾಂಡೊ, ಅಂದರೆ ಕಟ್ಟಡದೊಳಗಿನ ಫ್ಲ್ಯಾಟ್, ಕೊಳ್ಳಬಹುದು, ಆದರೆ ಒಂದು ಕಟ್ಟಡದ ಮಾರಾಟಯೋಗ್ಯ ವಿಸ್ತೀರ್ಣದ ಶೇಕಡಾ 49ಕ್ಕಿಂತ ಹೆಚ್ಚು ವಿದೇಶಿಯರ ಕೈಯಲ್ಲಿ ಇರಕೂಡದು, ಹಣ ವಿದೇಶಿ ಕರೆನ್ಸಿಯಲ್ಲೇ ಒಳಬಂದಿದೆ ಎಂಬುದಕ್ಕೆ ಬ್ಯಾಂಕಿನ ದಾಖಲೆ ಇರಬೇಕು. ಆ ದಾಖಲೆಯನ್ನು ಜೋಪಾನವಾಗಿಟ್ಟುಕೊಳ್ಳಿ, ಮಾರುವಾಗಲೂ ಬೇಕಾಗುತ್ತದೆ. ತೋಟವಿರುವ ವಿಲ್ಲಾ ಬೇಕೆನ್ನುವವರಿಗೆ 30 ವರ್ಷದ ಗುತ್ತಿಗೆ ತೋರಿಸುತ್ತಾರೆ. ನಮ್ಮೂರಿನಲ್ಲಿ ಮನೆ ಲೀಸ್‌ಗೆ ಹಾಕಿಕೊಂಡರೆ ಕೊಟ್ಟ ಹಣ ಅವಧಿ ಮುಗಿದ ಮೇಲೆ ಹಿಂದಕ್ಕೆ ಬರುತ್ತದೆ. ಅಲ್ಲಿನ ಗುತ್ತಿಗೆಯಲ್ಲಿ ಹಾಗಿಲ್ಲ, ಕೊಟ್ಟದ್ದು ಕೊಟ್ಟಂತೆಯೇ. 30ರ ಮೇಲೆ ಇನ್ನೂ 30, ಮತ್ತೂ 30 ಎಂದು ಕರಪತ್ರದಲ್ಲಿ ಇರುವುದು ಭರವಸೆ ಮಾತ್ರ, ಕಾನೂನು ಒಮ್ಮೆಗೆ ಒಪ್ಪುವುದು 30 ವರ್ಷವನ್ನಷ್ಟೇ. ಸ್ಥಳೀಯರೊಬ್ಬರ ಹೆಸರಿನಲ್ಲಿ ನೆಲ ಕೊಳ್ಳುವ ಬೇನಾಮಿ ಏರ್ಪಾಡು ಅಲ್ಲಿಯೂ ಅಪರಾಧ.

ಬಾಡಿಗೆಯ ತೊಡಕು ನನಗೆ ಅರ್ಥವಾದದ್ದು ಹುವಾ ಹಿನ್ ಊರಿನ ಒಂದು ಕಾಂಡೊದ ಲಿಫ್ಟಿನಲ್ಲಿ. ಮಿತ್ರರ ಮನೆಗೆ ಹೋಗಿದ್ದೆ. ಗುಂಡಿಗಳ ಪಕ್ಕದಲ್ಲೇ ಥಾಯ್, ಇಂಗ್ಲಿಷ್, ಚೀನೀ ಮೂರು ಭಾಷೆಗಳಲ್ಲಿ, ಲ್ಯಾಮಿನೇಟ್ ಮಾಡಿದ ಒಂದು ಹಾಳೆ: ದಿನದ ಮತ್ತು ವಾರದ ಬಾಡಿಗೆ ಕಾನೂನುಬಾಹಿರ. ಕೆಳಗೆ ಕಾವಲುಗಾರರು ಸೂಟ್‌ಕೇಸ್ ಹಿಡಿದು ಬಂದ ಪ್ರತಿಯೊಬ್ಬರನ್ನೂ ನಿಲ್ಲಿಸಿ ಮನೆಯ ಸಂಖ್ಯೆ, ಮಾಲೀಕರ ಹೆಸರು ಕೇಳುತ್ತಿದ್ದರು. 2004ರ ಹೋಟೆಲ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವಂತಿಲ್ಲ, ಸಾಮಾನ್ಯ ಫ್ಲ್ಯಾಟಿಗೆ ಆ ಪರವಾನಗಿ ಸಿಗುವುದೂ ಇಲ್ಲ. ಸಮುದ್ರದ ಕಡೆಗೆ ಮುಖವಿದ್ದ ಆ ಮನೆಯನ್ನು ಪ್ರವಾಸಿಗರಿಗೆಂದೇ ಸಜ್ಜುಗೊಳಿಸಿದ್ದ ಮಿತ್ರರು ಕೊನೆಗೆ ಶಾಲಾ ಶಿಕ್ಷಕರೊಬ್ಬರಿಗೆ ವರ್ಷದ ಕರಾರಿನಲ್ಲಿ ಕೊಟ್ಟರು. ಬಾಡಿಗೆ ತಪ್ಪದೆ ಬರುತ್ತದೆ. ಆದರೆ ಡಿಸೆಂಬರ್‌ನಲ್ಲಿ ಅವರು ಹೋದಾಗ ಉಳಿಯುವುದು ಹೋಟೆಲಿನಲ್ಲಿ.

ಕಾಂಡೊ ಕೊಂಡಮಾತ್ರಕ್ಕೆ ಅಲ್ಲಿ ವಾಸದ ಹಕ್ಕು ಬರುವುದಿಲ್ಲ. 50 ದಾಟಿದವರಿಗೆ ನಿವೃತ್ತಿ ವೀಸಾ ಇದೆ, ಬ್ಯಾಂಕಿನಲ್ಲಿ 8 ಲಕ್ಷ ಬಾಟ್ ಅಥವಾ ತಿಂಗಳಿಗೆ 65,000 ಬಾಟ್ ಆದಾಯ ತೋರಿಸಿ ವರ್ಷ ವರ್ಷ ನವೀಕರಿಸಬೇಕು, 90 ದಿನಗಳಿಗೊಮ್ಮೆ ವಿಳಾಸ ವರದಿ ಮಾಡಬೇಕು. ವರ್ಷಕ್ಕೆ 180 ದಿನ ಅಲ್ಲಿದ್ದರೆ, ಊರಿನಿಂದ ತರಿಸಿಕೊಳ್ಳುವ ಆದಾಯವೂ 2024ರಿಂದ ಅಲ್ಲಿನ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಈ ವೀಸಾಗೆ ಮನೆ ಬೇಕಿಲ್ಲ ಎಂಬುದನ್ನು ಗಮನಿಸಿ. ನೆಲೆಸುವುದೇ ಗುರಿಯಾದರೆ ಥಾಯ್ಲೆಂಡಿನಲ್ಲಿ ಬಾಡಿಗೆಗೆ ಇರುವುದೇ ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಲೇಷ್ಯಾ ನೆಲೆಸುವವರ ದೇಶ, ಹೂಡಿಕೆದಾರರದಲ್ಲ. ವಿದೇಶಿಯರಿಗೆ ದೀರ್ಘಾವಧಿ ವಾಸದ ವೀಸಾ ಕೊಡುವ ಎಂಎಂ2ಎಚ್ (ಮಲೇಷ್ಯಾ ಮೈ ಸೆಕೆಂಡ್ ಹೋಮ್) ಯೋಜನೆಯ 2024ರ ರೂಪದಲ್ಲಿ ಸಿಲ್ವರ್ ಹಂತಕ್ಕೆ 1,50,000 ಡಾಲರ್ ಠೇವಣಿ, ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ, ಐದು ವರ್ಷದ ವೀಸಾ. ಮೇಲಿನ ಹಂತಗಳಲ್ಲಿ ಅವಧಿ 15, 20 ವರ್ಷಕ್ಕೆ ಏರುತ್ತದೆ, ಠೇವಣಿಯೂ ಏರುತ್ತದೆ. ಠೇವಣಿ, ಮನೆ ಎರಡೂ ಸೇರಿದರೆ ಒಬ್ಬರ ಎಲ್‌ಆರ್‌ಎಸ್ ಮಿತಿ ಮೀರುತ್ತದೆ. ವಿದೇಶಿಯರಿಗೆ ಪ್ರತಿ ರಾಜ್ಯವೂ ತನ್ನದೇ ಕನಿಷ್ಠ ಬೆಲೆ ಇಟ್ಟಿದೆ, ಕ್ವಾಲಾಲಂಪುರದಲ್ಲಿ ಅದು 10 ಲಕ್ಷ ರಿಂಗಿಟ್. ಯೋಜನೆಯಡಿ ಕೊಂಡ ಮನೆಯನ್ನು ಹತ್ತು ವರ್ಷ ಮಾರುವಂತಿಲ್ಲ, ಹೆಚ್ಚಿನ ಬೆಲೆಯ ಮನೆಗೆ ಬದಲಾಯಿಸಿಕೊಳ್ಳಬಹುದು ಅಷ್ಟೆ. ಯೋಜನೆಯ ಹೊರಗೆ ಕೊಂಡ ವಿದೇಶಿಯರು ಐದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇಕಡಾ 30 ತೆರಿಗೆ. ಪ್ರವಾಸಿಗರಿಗೆ ಕೊಡುವುದನ್ನು ಕಟ್ಟಡದ ಸಂಘ ನಿಷೇಧಿಸಬಹುದೆಂದು 2020ರಲ್ಲಿ ಅಲ್ಲಿನ ಫೆಡರಲ್ ಕೋರ್ಟೇ ಹೇಳಿದೆ. ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ, ವಯಸ್ಸಾದವರ ದಿನನಿತ್ಯದ ದೃಷ್ಟಿಯಿಂದ ನೋಡಿದರೆ ಇದು ಮೇಲು: ಆಸ್ಪತ್ರೆಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಕ್ವಾಲಾಲಂಪುರದ ಭಾರತೀಯರ ಬಡಾವಣೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಡ್ಲಿಯಿಂದ ಹೂವಿನವರೆಗೆ ಎಲ್ಲವೂ ಸಿಗುತ್ತದೆ, ದೇವಸ್ಥಾನಕ್ಕೆ ದೂರ ಹೋಗಬೇಕಿಲ್ಲ.

ಯುರೋಪಿನ ಆಸೆಯುಳ್ಳವರು ಬಾಗಿಲುಗಳು ಮುಚ್ಚಿದ ವೇಗವನ್ನು ನೋಡಬೇಕು. ಪೋರ್ಚುಗಲ್ ಆಸ್ತಿ ಖರೀದಿಯ ಗೋಲ್ಡನ್ ವೀಸಾ ದಾರಿಯನ್ನು 2023ರ ಅಕ್ಟೋಬರ್‌ನಲ್ಲಿ, ಸ್ಪೇನ್ ಗೋಲ್ಡನ್ ವೀಸಾವನ್ನೇ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿದವು. ತೆರೆದಿರುವ ಗ್ರೀಸ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಅಥೆನ್ಸ್ ಪ್ರಾಂತ, ಥೆಸಲೋನಿಕಿ, ಸ್ಯಾಂಟೊರಿನಿಯಂಥ ಕಡೆ ಕನಿಷ್ಠ 8 ಲಕ್ಷ ಯೂರೊ, ಉಳಿದೆಡೆ 4 ಲಕ್ಷ ಯೂರೊ, ಒಂದೇ ಮನೆ, ಕನಿಷ್ಠ 120 ಚದರ ಮೀಟರ್. ಐದು ವರ್ಷದ ವಾಸದ ಕಾರ್ಡ್, ಮನೆ ಇರುವ ತನಕ ನವೀಕರಣ. ಹಾಗೆ ಕೊಂಡ ಮನೆಯನ್ನು ಪ್ರವಾಸಿಗರಿಗೆ ಅಲ್ಪಾವಧಿ ಬಾಡಿಗೆಗೆ ಕೊಡುವುದನ್ನು ಕಾನೂನು ನೇರವಾಗಿ ನಿಷೇಧಿಸಿದೆ. ಮೀರಿದರೆ ದಂಡದ ಜೊತೆಗೆ ಕಾರ್ಡೂ ರದ್ದು. ಸಮುದ್ರದ ದಂಡೆಯ ಮನೆಯ ಬೇಸಿಗೆ ಬಾಡಿಗೆಯಲ್ಲೇ ಖರ್ಚು ಹುಟ್ಟುತ್ತದೆ ಎಂದು ಲೆಕ್ಕ ಹಾಕಿದವರಿಗೆ ಈ ಒಂದು ಸಾಲು ಸಾಕು. ಮಕ್ಕಳು ಯುರೋಪಿನಲ್ಲಿ ನೆಲೆಸಿದ್ದು, ವರ್ಷಕ್ಕೆ ಕೆಲವು ತಿಂಗಳು ಅವರ ಹತ್ತಿರವಿರಲು ಷೆಂಗೆನ್ ಓಡಾಟ, ಅಂದರೆ ಯುರೋಪಿನ ಹಲವು ದೇಶಗಳ ನಡುವೆ ಬೇರೆ ವೀಸಾ ಇಲ್ಲದ ಓಡಾಟ, ಬೇಕೆನ್ನುವವರಿಗೆ ಮಾತ್ರ ನಾನು ಗ್ರೀಸ್ ಸೂಚಿಸುತ್ತೇನೆ.

ಮನೆ ಎಲ್ಲೇ ಇರಲಿ, ವಿಲ್ ಮಾಡಿಸುವುದನ್ನು ಮುಂದಕ್ಕೆ ಹಾಕಬೇಡಿ. ದುಬೈನಲ್ಲಿ ಮುಸ್ಲಿಮೇತರರು ವಿಲ್ ನೋಂದಾಯಿಸುವ ವ್ಯವಸ್ಥೆ 2015ರಿಂದ ಇದೆ, ಅವರಿಗೆ ಪ್ರತ್ಯೇಕ ನಾಗರಿಕ ಕಾನೂನು 2023ರಲ್ಲಿ ಜಾರಿಗೆ ಬಂತು. ಆದರೂ ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಹೆಂಡತಿ ಪರಭಾಷೆಯ ಕೋರ್ಟಿನ ಕಾಗದಗಳೊಂದಿಗೆ ಒಬ್ಬಳೇ ಹೆಣಗಬೇಕಾಗುತ್ತದೆ. ಇಬ್ಬರ ಹೆಸರಿನಲ್ಲಿ ಕೊಂಡು, ಆಯಾ ದೇಶದ ಆಸ್ತಿಗೆ ಆಯಾ ದೇಶದಲ್ಲೇ ಪ್ರತ್ಯೇಕ ವಿಲ್ ಬರೆಸುವುದು ಸರಿ. ಆರೋಗ್ಯ ವಿಮೆಯನ್ನೂ ಮೊದಲೇ ನೋಡಿ. ಇಲ್ಲಿನ ಪಾಲಿಸಿಗಳಲ್ಲಿ ಹೆಚ್ಚಿನವು ಹೊರದೇಶದ ಆಸ್ಪತ್ರೆಗೆ ಅನ್ವಯಿಸುವುದಿಲ್ಲ, 65ರ ನಂತರ ಅಲ್ಲಿ ಹೊಸದಾಗಿ ಪಾಲಿಸಿ ಪಡೆಯುವುದು ದುಬಾರಿ. ಇಲ್ಲಿನ ಪಾಲಿಸಿಯನ್ನು ನಿಲ್ಲಿಸದೆ ಕಟ್ಟುತ್ತಾ ಬನ್ನಿ.

ಹೀಗಾಗಿ ಐದಾರು ವರ್ಷ ಬಾಡಿಗೆ, ನಡುನಡುವೆ ರಜೆ, ಆಮೇಲೆ ನೋಡೋಣ ಎನ್ನುವವರು ದುಬೈಯನ್ನು, ಅದೂ ಕಟ್ಟಿ ಮುಗಿದು ಮೇಂಟೆನೆನ್ಸ್ ಲೆಕ್ಕ ಕೈಗೆ ಸಿಗುವ ಕಟ್ಟಡವನ್ನು, ಆರಿಸಬಹುದು. ಅಲ್ಲೇ ಉಳಿಯುವುದು ಖಚಿತ, ಬಾಡಿಗೆ ಮುಖ್ಯವಲ್ಲ ಎನ್ನುವವರು ಮಲೇಷ್ಯಾ ನೋಡಲಿ. ಯಾವುದಾದರೂ ಸರಿ, ಆ ಊರಿನ ಅತಿ ಕೆಟ್ಟ ಋತುವಿನಲ್ಲಿ ಎರಡು ತಿಂಗಳು ಬಾಡಿಗೆ ಮನೆಯಲ್ಲಿದ್ದು, ತರಕಾರಿ ತಂದು, ಒಮ್ಮೆ ವೈದ್ಯರ ಹತ್ತಿರ ಹೋಗಿ ಬನ್ನಿ. ನನಗೆ ತಿಳಿದ ಮೈಸೂರಿನ ದಂಪತಿಗಳು ಮಲೇಷ್ಯಾದ ಪೆನಾಂಗ್‌ನಲ್ಲಿ ಹಾಗೆ ಮಳೆಗಾಲ ಕಳೆದು ಬಂದ ಮೇಲೆ ಬಾಡಿಗೆ, ರಜೆ, ನೆಲೆ ಮೂರನ್ನೂ ಬಿಡಿಬಿಡಿಯಾಗಿಸಿದರು. ಬಾಡಿಗೆಗೆಂದು ದುಬೈನಲ್ಲಿ ಚಿಕ್ಕದೊಂದು ಫ್ಲ್ಯಾಟ್ ಕೊಂಡರು, ಪ್ರತಿ ವರ್ಷ ಪ್ರವಾಸಿಗರಿಗೆ ಇರಗೊಡುವ ಅವಧಿಯಷ್ಟೇ ಪೆನಾಂಗ್‌ಗೆ ಹೋಗಿ ಬಾಡಿಗೆಗಿರುತ್ತಾರೆ, ಮೈಸೂರಿನ ಮನೆಯನ್ನು ಮಾರುವ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ.